ಮೇಜಿನಿಂದ ಎದ್ದುಹೋದವನು

ನವೆಂಬರ್ 11, ಭಾನುವಾರ

ಇವತ್ತೂ ಮೂರು ಜನಕ್ಕಾಗುವಷ್ಟು ಕಡಲೆ ನೆನೆಹಾಕಿಬಿಟ್ಟಿದ್ದೆ. ಕೈಗೆ ಹಳೆಯ ಅಭ್ಯಾಸ ಹೋಗಿಲ್ಲ. ಮೂರನೆಯವನು ನನ್ನ ಮೈದುನ ಸಿರೀಲೊ. ಮದುವೆ ಆಗದವನು, ಪಾರಿವಾಳದ ಗೂಡೇ ಅವನ ಸಂಸಾರ. ಭಾನುವಾರದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದ. ಜೂನ್ ತಿಂಗಳಲ್ಲಿ ಒಂದು ದಿನ ಮೇಜಿನಿಂದ ಎದ್ದುಹೋದ. ಅಲ್ಲಿಂದ ಈಚೆಗೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಬೀದಿ, ಅದೂ ಕತ್ತೆಗಾಡಿ ಹೋದರೆ ಜನ ಗೋಡೆಗೆ ಅಂಟಿಕೊಳ್ಳಬೇಕಾದಂಥದು.

ಊಟದ ನಡುವೆ ಎದ್ದಿದ್ದರೆ ಹೊಟ್ಟೆ ಸರಿಯಿರಲಿಲ್ಲ ಅಂದುಕೊಳ್ಳಬಹುದಿತ್ತು. ಅವನು ಎದ್ದದ್ದು ಸೊಬ್ರೆಮೆಸಾದಲ್ಲಿ, ಊಟವಾದ ಮೇಲೆ ಮೇಜಿನಲ್ಲೇ ಮಾತಿಗೆ ಕೂರುವ ಹೊತ್ತಿನಲ್ಲಿ. ತಟ್ಟೆ ತೆಗೆದಾಗಿತ್ತು, ಕಾಫಿ ಇಟ್ಟಾಗಿತ್ತು, ಮಾತು ಶುರುವಾಗಿತ್ತು. ಆ ಹೊತ್ತಿನಲ್ಲಿ ನಮ್ಮ ಊರಲ್ಲಿ ಯಾರೂ ಏಳುವುದಿಲ್ಲ. ಏಳಬೇಕಾದರೆ ಎಲ್ಲೋ ಬೆಂಕಿ ಬಿದ್ದಿರಬೇಕು. ಸಿರೀಲೊ ಟೋಪಿ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋದ.

ನಾನು ಅಡುಗೆಮನೆಯಲ್ಲಿದ್ದೆ. ಮತ್ತೆಲ್ಲಿರುತ್ತೇನೆ? ಅವರಿಗೆ ಬಡಿಸುತ್ತೇನೆ, ನನ್ನದನ್ನು ಒಲೆಯ ಪಕ್ಕ ನಿಂತು ಮುಗಿಸುತ್ತೇನೆ, ಅವರು ಮಾತಿಗೆ ಕೂತಾಗ ಪಾತ್ರೆ ತೊಳೆಯುತ್ತೇನೆ. ಮಾತೆಲ್ಲ ಗಂಡಸರದು. ಕುರ್ಚಿ ಸರಿದ ಸದ್ದು ಕೇಳಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಬಾಗಿಲು ತೆರೆದುಕೊಂಡು ಬಿದ್ದಿತ್ತು.

“ಏನಾಯ್ತು?” ಅಂದೆ ಅಬೀಲಿಯೊಗೆ.

“ನನ್ನ ಮೇಜಿಂದ ಎದ್ದುಹೋದ. ಅದೇ ಆಗಿದ್ದು,” ಅಂದ ನನ್ನ ಗಂಡ. ಇವತ್ತಿನವರೆಗೂ ಅದೇ ಉತ್ತರ.

ಈಗ ಊಟ ಮುಗಿದ ಮೇಲೆ ಟೀವಿ ಹಾಕಿಕೊಂಡು ಯಾರದೋ ಮನೆಯ ಜಗಳ ನೋಡುತ್ತಾನೆ. ಬೆಳಿಗ್ಗೆ ಸಿರೀಲೊ ಕಾಳಿನ ಚೀಲ ಹೊತ್ತು ಪಾರಿವಾಳದ ಗೂಡಿಗೆ ಹೋಗುವಾಗ ಇವನು ಕಿಟಕಿ ತೆಗೆದು ಗಾಳಿಗೆ ಹೇಳುವವನ ಹಾಗೆ ಬೈಯುತ್ತಾನೆ. “ಉಂಡ ಮನೆ ಮರೆತ ಕತ್ತೆ,” “ಟೋಪಿ ಇಟ್ಕೊಳೋಕೆ ಮಾತ್ರ ಇರೋ ತಲೆ,” ಹೀಗೆ ದಿನಕ್ಕೊಂದು ಹೊಸದು. ಸಿರೀಲೊ ತಿರುಗಿಯೂ ನೋಡದೆ ಹೋಗುತ್ತಾನೆ. ಇವನ ಸಿಟ್ಟು ಇನ್ನಷ್ಟು ಏರುತ್ತದೆ.

ಇವರಿಬ್ಬರನ್ನು ಮತ್ತೆ ಒಂದೇ ಮೇಜಿಗೆ ಕೂರಿಸದೆ ನಾನು ಬಿಡುವವಳಲ್ಲ. ಹೇಗೆ ಅಂತ ಗೊತ್ತಿಲ್ಲ. ಬರೆದಂತೂ ಆಯಿತು, ಇನ್ನು ಹಿಂದೆ ಸರಿಯುವ ಹಾಗಿಲ್ಲ.

ನವೆಂಬರ್ 23

ಹಂದಿ ಕೊಯ್ದದ್ದಾಯಿತು. ಅಬೀಲಿಯೊನ ತೋಳು, ನನ್ನ ಸೊಂಟ, ಎರಡೂ ಕೆಲಸಕ್ಕೆ ಬಾರದಂತಾಗಿವೆ.

ಹಂದಿ ಕೊಯ್ದ ಮನೆಯಿಂದ ಒಡಹುಟ್ಟಿದವರ ಮನೆಗೆ ಒಂದು ತಟ್ಟೆ ಹೋಗಲೇಬೇಕು. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೂ ತಟ್ಟೆ ನಿಲ್ಲಿಸುವ ಹಾಗಿಲ್ಲ. ಅಬೀಲಿಯೊಗೆ ಅದು ಗೊತ್ತು. ನಾನು ಈಲಿ, ಸೊಂಟದ ಮಾಂಸ, ನೆತ್ತರು ತುಂಬಿದ ಕರುಳು ಜೋಡಿಸುವಾಗ ಗೋಡೆ ನೋಡುತ್ತ ನಿಂತಿದ್ದ.

“ಈಲಿ ಇನ್ನೊಂದು ತುಂಡು ಹಾಕು,” ಅಂದ ಕೊನೆಗೆ. “ಜಿಪುಣತನ ಮಾಡಿದ್ರು ಅಂತ ಊರಲ್ಲಿ ಹೇಳ್ಕೊಂಡು ತಿರುಗ್ತಾನೆ.”

ಸಿರೀಲೊನ ಬಾಗಿಲು ತಟ್ಟಿದೆ. ಯಾರೂ ಬರಲಿಲ್ಲ. ಒಳಗೆ ಹೋದೆ. ಅವನು ನನಗೆ ಬೆನ್ನು ಹಾಕಿ ಒಲೆಯಿಂದ ಎರಡು ಮಾರು ದೂರದಲ್ಲಿ ಬ್ರೆಡ್ ಕೊಯ್ಯುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿ ಚುರ್ ಅಂತ ಸುರಿಯುತ್ತಿತ್ತು. “ಸಿರೀಲೊ, ಹಾಲು!” ಅಂತ ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ನನ್ನ ನೆರಳು ಗೋಡೆಯ ಮೇಲೆ ಬಿದ್ದಾಗಷ್ಟೇ ಬೆಚ್ಚಿಬಿದ್ದು ತಿರುಗಿದ.

ಉಕ್ಕಿದ ಹಾಲನ್ನು ನೋಡಿದ, ನನ್ನ ಮುಖ ನೋಡಿದ. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

“ಯಾವಾಗಿಂದ?” ಅಂದೆ, ಬಾಯಿ ದೊಡ್ಡದಾಗಿ ತೆರೆದು.

“ಕೂಗ್ಬೇಡ ಅತ್ತಿಗೆ. ಕೂಗಿದ್ರೆ ಬರೀ ಗದ್ದಲ ಕೇಳ್ಸುತ್ತೆ. ಮುಖ ಈ ಕಡೆ ಇಟ್ಟು ಮೆತ್ತಗೆ ಹೇಳು. ಬಲಗಿವೀಲಿ ಇನ್ನೂ ಒಂಚೂರು ಇದೆ.”

“ಅವತ್ತು ಎದ್ದಿದ್ದು ಇದಕ್ಕಾ?”

ಬ್ರೆಡ್ಡಿನ ಪುಡಿ ಒಟ್ಟುಮಾಡುತ್ತ ಕೂತ. “ಊಟ ಆಗೋವರೆಗೂ ಪರವಾಗಿಲ್ಲ, ಎಲ್ರ ಬಾಯೂ ತುಂಬಿರುತ್ತೆ. ಆಮೇಲಿನ ಎರಡು ಗಂಟೆ ಇದೆಯಲ್ಲ, ಅದು ಕಷ್ಟ. ಅವನು ನಕ್ಕಾಗ ನಗ್ಬೇಕು, ತಲೆ ಆಡಿಸ್ದಾಗ ಆಡಿಸ್ಬೇಕು. ಅವತ್ತು ಅವನು ನನ್ನೇ ನೋಡ್ತಾ ಕಾಯ್ತಿದ್ದ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಎದ್ಬಿಟ್ಟೆ.”

“ಅಣ್ಣಂಗೆ ಹೇಳಿಬಿಡು ಮತ್ತೆ.”

“ಹೇಳೋದಾದ್ರೆ ನಾನು ಹೇಳ್ತೀನಿ. ನೀನು ಬಾಯ್ಬಿಟ್ರೆ ಈ ಬಾಗ್ಲು ನಿಂಗೂ ಮುಚ್ಚುತ್ತೆ. ನಮ್ಮಮ್ಮನ ಮೇಲೆ ಆಣೆ ಇಡು.”

ಇಟ್ಟೆ. ಇಡಬಾರದಿತ್ತು.

ನವೆಂಬರ್ 24

ಅಬೀಲಿಯೊ ಕಿಟಕಿ ತೆಗೆದು ಬೈಯುವಾಗ ಇವತ್ತು ನಗುವೂ ಬಂತು, ಸಂಕಟವೂ ಆಯಿತು. ಹಾಳಾಗುತ್ತಿರುವುದು ಇವನ ಗಂಟಲು ಮಾತ್ರ. ಹೇಳುವ ಹಾಗಿಲ್ಲ. ಸಿರೀಲೊ ತಾನೇ ಹೇಳಬೇಕು. ಹೇಳಬೇಕಾದರೆ ಅದೇ ಮೇಜಿಗೆ ಬರಬೇಕು. ಡಿಸೆಂಬರ್ ಎಂಟರ ಹಬ್ಬದ ಹೆಸರನ್ನೇ ಇವರ ತಾಯಿಗೆ ಇಟ್ಟಿದ್ದರು; ಅವರು ತೀರಿಹೋದ ಮೇಲೂ ಅವತ್ತು ಅವರ ನೆನಪಿನ ಊಟ. ಅವತ್ತು ಬರದೆ ಇರುವ ಧೈರ್ಯ ಅವನಿಗೂ ಇಲ್ಲ, ಬೇಡ ಅನ್ನುವ ಧೈರ್ಯ ಇವನಿಗೂ ಇಲ್ಲ.

ಡಿಸೆಂಬರ್ 8

ಬಂದ. ಕ್ಷೌರ ಮಾಡಿಸಿಕೊಂಡು, ನಾಲ್ಕು ಮರಿ ಪಾರಿವಾಳ ಹಿಡಿದುಕೊಂಡು ಬಂದ. ತನ್ನ ಮಾಮೂಲಿ ಜಾಗದಲ್ಲಿ ಕೂತ. ಅಬೀಲಿಯೊ ತನ್ನ ಮಾಮೂಲಿ ಜಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿ. ನಾನು ಪಾರಿವಾಳವನ್ನು ಈರುಳ್ಳಿ, ವೈನ್ ಹಾಕಿ ಬೇಯಿಸಿದ್ದೆ. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಮಾತಿಲ್ಲ, ಆದರೆ ಬ್ರೆಡ್ಡಿನ ಬುಟ್ಟಿ ಒಬ್ಬರಿಂದ ಒಬ್ಬರಿಗೆ ಹೋಯಿತು. ಗೆದ್ದೆ ಅಂದುಕೊಂಡು ಕಾಫಿ ತರಲು ಒಳಗೆ ಹೋದೆ. ಹೋದವಳು ಎಣ್ಣೆ ಕಾದಿದೆ ಅಂತ ಸಿಹಿಯನ್ನೂ ಕರಿದುಬಿಡೋಣ ಅಂದುಕೊಂಡೆ.

ಅಬೀಲಿಯೊ ಟೀವಿ ಹಾಕಿದ. ಆ ಸದ್ದಿನ ಮೇಲೆ ಏನೋ ಮಾತು ಶುರುಮಾಡಿದ್ದೂ ಕೇಳಿಸಿತು, ಪಾಪ. ಆಮೇಲೆ ಕುರ್ಚಿ ಸರಿದ ಸದ್ದು.

ತಟ್ಟೆ ಹಿಡಿದು ಬಂದಾಗ ಮೇಜಿನಲ್ಲಿ ಒಬ್ಬನೇ ಇದ್ದ.

“ನೋಡ್ದೇನೇ? ಎರಡ್ನೇ ಸಲ,” ಅಂದ ಅಬೀಲಿಯೊ. ಬೈಗುಳ ಏನೂ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

ಡಿಸೆಂಬರ್ 9

ಸಿಹಿಯನ್ನು ಕೋಳಿಗಳಿಗೆ ಹಾಕಿದೆ.

ಡಿಸೆಂಬರ್ 15, ಶನಿವಾರ

ಬ್ರೆಡ್ಡಿನ ಅಂಗಡಿಯಲ್ಲಿ ಗೊತ್ತಾಯಿತು. ಸಿರೀಲೊ ದೂರದ ಬರಕಾಲ್ದೊ ಪಟ್ಟಣಕ್ಕೆ, ತಂಗಿ ಬೆನೀತಾಳ ಮನೆಗೆ ಹೋಗುತ್ತಿದ್ದಾನೆ. ಇನ್ನು ಅಲ್ಲೇ ಇರುವುದಂತೆ. ಮೂರು ರಾಜರ ಹಬ್ಬ ಕಳೆದ ಮಾರನೇ ದಿನ, ಜನವರಿ ಏಳಕ್ಕೆ, ಪಲೆನ್ಸಿಯಾದ ಬಸ್ಸು ಹತ್ತುತ್ತಾನಂತೆ, ಅಲ್ಲಿಂದ ಮುಂದಕ್ಕೆ ಬೇರೆ ಬಸ್ಸು. ಪಾರಿವಾಳಗಳನ್ನು ಪಕ್ಕದ ಊರಿನವನಿಗೆ ಒಪ್ಪಿಸುವ ಮಾತೂ ಆಗಿದೆ.

ಅಬೀಲಿಯೊಗೆ ಹೇಳಿದೆ. “ಹೋಗ್ಲಿ,” ಅಂದ. ಸ್ವಲ್ಪ ಹೊತ್ತಿಗೆ, “ಫ್ಯಾಕ್ಟರಿ ಹೊಗೇಲಿ ಕೆಮ್ಕೊಂಡು ಸಾಯ್ಲಿ,” ಅಂದ. ಇನ್ನೂ ಸ್ವಲ್ಪ ಹೊತ್ತಿಗೆ, “ಬೆನೀತಾ ಮನೆ ಐದ್ನೇ ಮಾಳಿಗೆ. ಅಲ್ಲಿ ಪಾರಿವಾಳ ಸಾಕೋಕೂ ಜಾಗ ಇಲ್ಲ,” ಅಂದ. ಟೀವಿ ಓಡುತ್ತಿತ್ತು. ಅದರ ಕಡೆ ನೋಡುತ್ತಿರಲಿಲ್ಲ.

“ನೀನೇ ಹೋಗಿ ಕರಿ.”

“ಎದ್ದುಹೋದೋನ್ನ ಮನೆಯೋನು ಹೋಗಿ ಕರೆಯೋದಾ? ಎಲ್ಲಾದ್ರೂ ಉಂಟಾ? ನಮ್ಮಪ್ಪ ಗೋರೀಲಿ ಮಗ್ಗುಲಾಗ್ತಾನೆ.”

ಅದು ನಿಜ. ಹಾಗೆ ಕರೆಯುವ ಪದ್ಧತಿಯಿಲ್ಲ. ಎದ್ದವನೂ ಕರೆಯದೆ ಬರುವ ಹಾಗಿಲ್ಲ. ಹಾಗಿದ್ದರೆ ಉಳಿದವಳು ನಾನು. ನಾನು ಯಾವ ಲೆಕ್ಕ ಅಂತ ಪದ್ಧತಿಯಲ್ಲಿ ಎಲ್ಲೂ ಹೇಳಿಲ್ಲ.

ಡಿಸೆಂಬರ್ 19

ಹಬ್ಬಕ್ಕೆ ಬಿಳಿ ಬಟ್ಟೆಗಳನ್ನು ಗಾಳಿಗೆ ಹಾಕೋಣ ಅಂತ ಅತ್ತೆಯ ಪೆಟ್ಟಿಗೆ ತೆಗೆದೆ. ತಳದಲ್ಲಿ ಒಂದು ಹಸಿರು ಉಣ್ಣೆಯ ಹಾಸು. ಕಂಬಳಿ ಅನ್ನುವುದಕ್ಕೆ ಚಿಕ್ಕದು, ಶಾಲು ಅನ್ನುವುದಕ್ಕೆ ಭಾರ. ಅಂಚಿಗೆಲ್ಲ ಕುಚ್ಚು. ಒಬ್ದುಲಿಯಾ ಟೀಚರು ದಾರ ಕೇಳಿಕೊಂಡು ಬಂದಿದ್ದರು. ಸ್ಕೂಲು ಬಿಟ್ಟು ವರ್ಷಗಳಾದರೂ ಊರಿಗೆಲ್ಲ ಇವತ್ತಿಗೂ ಅವರು ಟೀಚರೇ.

“ಓಹೋ, ಸೊಬ್ರೆಮೆಸಾ!” ಅಂದರು ಅದನ್ನು ನೋಡಿ.

“ಎಲ್ಲಿ? ಇನ್ನೂ ಊಟವೇ ಆಗಿಲ್ಲ ಟೀಚರ್.”

“ಇದೇ ಕಣೆ. ಈ ಬಟ್ಟೆ. ಬಿಡಿಸಿ ನೋಡು: ಸೊಬ್ರೆ, ಮೆಸಾ. ಮೇಲೆ, ಮೇಜು. ಹಳೇ ಪುಸ್ತಕಗಳಲ್ಲಿ ಸೊಬ್ರೆಮೆಸಾ ಅಂದ್ರೆ ಮೇಜಿನ ಮೇಲೆ ಹೊದಿಸೋ ಹಾಸು.”

ದಿನಾ ಬಾಯಲ್ಲಿ ಹೊರಳುವ ಪದ. ಅದರೊಳಗೆ ಎರಡು ಪದ ಇವೆ ಅಂತ ಒಂದು ದಿನವೂ ನೋಡಿರಲಿಲ್ಲ.

“ಮಾತಾಡೋದಕ್ಕೆ ಆ ಹೆಸರು ಹೆಂಗೆ ಬಂತು ಮತ್ತೆ?”

“ಊಟದ ಬಟ್ಟೆ ತೆಗೆದು ಇದನ್ನ ಹಾಸಿದ ಮೇಲೂ ಜನ ಎದ್ದುಹೋಗ್ತಿರ್ಲಿಲ್ಲ. ಮಾತಾಡ್ತಾ ಕೂರ್ತಿದ್ರು. ಆ ಹೊತ್ತಿಗೇ ಬಟ್ಟೆ ಹೆಸರು ಅಂಟಿಕೊಂಡಿರ್ಬೇಕು ಅಂತ ನನ್ನ ಎಣಿಕೆ. ಆಮೇಲೆ ಬಟ್ಟೆ ಪೆಟ್ಟಿಗೆ ಸೇರ್ತು, ಹೆಸರು ಉಳ್ಕೊಳ್ತು.”

“ಹಾಸ್ತಿದ್ದೋರು ಯಾರು?”

ಟೀಚರು ಕನ್ನಡಕದ ಮೇಲಿಂದ ನೋಡಿದರು. “ಮೇಜಿಗೆ ಬಟ್ಟೆ ಹಾಸೋ ಗಂಡಸನ್ನ ನೀನು ನೋಡಿದ್ದೀಯೇನೇ ಕಸಿಲ್ದಾ?”

ಅವರು ಹೋದ ಮೇಲೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹಾಗಾದರೆ ಅತ್ತೆ ಇದನ್ನು ಹಾಸಿದರೆ ಸೊಬ್ರೆಮೆಸಾ, ಹಾಸದಿದ್ದರೆ ಇಲ್ಲ. ಮಾತು ಗಂಡಸರದು, ಸರಿ. ಅದು ಕೂತಿರುವ ಜಾಗ ಯಾರದು?

ಡಿಸೆಂಬರ್ 21

ಊಟದ ತಟ್ಟೆ ತೆಗೆದೆ. ಹಸಿರು ಹಾಸು ಹಾಸಿದೆ. ಟೀವಿಯ ವಯರು ಕಿತ್ತೆ. ಕಾಫಿ ತಂದಿಟ್ಟು ಸಿರೀಲೊನ ಕುರ್ಚಿಯಲ್ಲಿ ಕೂತೆ.

“ಏನೇ, ಕಾಲು ನೋವಾ?” ಅಂದ ಅಬೀಲಿಯೊ.

“ಇಲ್ಲ.”

“ಮತ್ತೆ?”

“ಕೂತಿದ್ದೀನಿ.”

“ಅದು ಕಾಣ್ತಿದೆ. ಪಾತ್ರೆ?”

“ಅಲ್ಲೇ ಇರ್ತವೆ. ಅವೇನು ಓಡಿ ಹೋಗ್ತಾವಾ.”

ಹಾಸಿನ ಕುಚ್ಚು ಹಿಡಿದು ನೋಡಿದ. “ಅಮ್ಮಂದು,” ಅಂದ. ಆಮೇಲೆ ನಿಧಾನಕ್ಕೆ, ಅವರಪ್ಪ ಹೇಸರಗತ್ತೆ ಕೊಳ್ಳಲು ಹೋಗಿ ಕುಂಟು ಕತ್ತೆ ತಂದ ಕತೆ ಶುರುಮಾಡಿದ. ಗೋಡೆಯಾಚೆಯಿಂದ ನೂರು ಸಲ ಕೇಳಿದ್ದೇನೆ. ಎದುರು ಕೂತು ಕೇಳಿದ್ದು ಮೊದಲ ಸಲ. ಹೇಳುವಾಗ ಹುಬ್ಬು ಕುಣಿಸುತ್ತಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹುಬ್ಬೂ ಸರಿಯಾಗಿ ಕಾಣಲಿಲ್ಲ. ಅವನ ಬೆನ್ನ ಹಿಂದೆ ಕಿಟಕಿ, ಕಣ್ಣಿಗೆ ಕುಕ್ಕುವ ಬಿಸಿಲು. ಮುಖ ಇದ್ದ ಜಾಗದಲ್ಲಿ ಕಪ್ಪು ಹಲಗೆ. ಬಾಯಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯದು.

ಸಿರೀಲೊ ಇಷ್ಟು ವರ್ಷ ಕೂತದ್ದು ಇದೇ ಕುರ್ಚಿಯಲ್ಲಿ.

ಡಿಸೆಂಬರ್ 27

ನಿನ್ನೆ ಮೇಜನ್ನು ತಿರುಗಿಸಿದೆ. ಒಬ್ಬಳೇ, ಚಳಿಗೆ ಕಾಲು ಕಾಯಿಸಲು ಅದರ ಕೆಳಗಿಡುವ ಕೆಂಡದ ತಟ್ಟೆ ಸಮೇತ. ಅಬೀಲಿಯೊನ ಕುರ್ಚಿ ಈಗ ಬೆಳಕಿಗೆ ಮುಖ ಮಾಡಿದೆ.

“ಇದು ನಮ್ಮಪ್ಪ ಕೂತ ಜಾಗ ಅಲ್ಲ!”

“ಅಲ್ಲ. ಅದೇ ಕುರ್ಚಿ, ಬೇರೆ ಜಾಗ.”

“ಬಿಸಿಲು ಕಣ್ಣಿಗೆ ಹೊಡೆಯುತ್ತೆ.”

“ಟೋಪಿ ಇಟ್ಕೊಳೋಕೆ ತಲೆ ಇದೆಯಲ್ಲ, ಹಾಕ್ಕೋ.”

ನಿಂತುಕೊಂಡೇ ಉಂಡ. ಇವತ್ತೂ ನಿಂತೇ ಉಂಡ. ಕಾಫಿಯ ಹೊತ್ತಿಗೆ ಕಾಲು ಸೋತು ಕೂತ. ನಾನು ಗೆದ್ದೆ ಅಂತ ತೋರಿಸಿಕೊಳ್ಳಲಿಲ್ಲ. ನನ್ನ ಚಿಕ್ಕಪ್ಪ ಪಾದ್ರಿಯ ಕೋಳಿ ಕದ್ದ ಕತೆ ಹೇಳಿದೆ. ಅಬೀಲಿಯೊ ಕೆಮ್ಮುವಷ್ಟು ನಕ್ಕ. “ಇಷ್ಟು ವರ್ಷ ಇದನ್ನ ಯಾಕೆ ಹೇಳಿರ್ಲಿಲ್ಲ?” ಅಂತ ಕೇಳಿದ. ಎಂಥ ಪ್ರಶ್ನೆ.

ಜನವರಿ 2

ಸಿರೀಲೊನ ಮನೆಗೆ ಹೋದೆ. ಅವನ ಬಲಗಡೆಗೆ, ಬೆಳಕಿಗೆ ಮುಖ ಮಾಡಿ ಕೂತೆ.

“ಏಳನೇ ತಾರೀಕು ಊಟಕ್ಕೆ ಬರ್ಬೇಕು.”

“ಎರಡು ಸಲ ಎದ್ದುಬಂದಿದ್ದೀನಿ ಅತ್ತಿಗೆ. ಮೂರನೇ ಸಲ ಯಾವ ಮುಖ ಇಟ್ಕೊಂಡು ಬರ್ಲಿ? ಕರ್ದಿದ್ದು ಅವನಾ?”

“ನಾನು.”

“ಮನೆ ಅವನ್ದು.”

“ಮನೆ ಅವನ್ದು. ಮೇಜು ನನ್ದು. ಹಾಸೋಳು ನಾನು, ತೆಗೆಯೋಳು ನಾನು. ಅಲ್ಲಿ ಯಾರು ಕೂರ್ಬೇಕು ಅನ್ನೋದೂ ನಾನೇ ಹೇಳ್ತೀನಿ. ಅವನೂ ಅವತ್ತು ನನ್ನ ಅತಿಥಿ, ನೀನೂ ನನ್ನ ಅತಿಥಿ. ಅವನ ಮುಂದಿಂದ ಎದ್ದುಬಂದ್ಯಲ್ಲ, ನನ್ನ ಮುಂದಿಂದ ಎದ್ದುಹೋಗು ನೋಡೋಣ.”

ಪಾರಿವಾಳ ಹಿಡಿಯುವ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. “ಅಣ್ಣ ಇದಕ್ಕೆ ಏನಂದ?”

“ಇನ್ನೂ ಹೇಳಿಲ್ಲ.”

ಮನೆಗೆ ಬಂದು ಹೇಳಿದೆ: “ಏಳನೇ ತಾರೀಕು ನನ್ನ ಊಟ. ಸಿರೀಲೊ ಬರ್ತಾನೆ. ನೀನೂ ಬರೋದಾದ್ರೆ ಬಾ, ಇಲ್ಲಾಂದ್ರೆ ಅವತ್ತು ಬಾರ್‌ನಲ್ಲಿ ತಿಂದ್ಕೋ.”

“ಏನು ಅಡುಗೆ?” ಅಂದ ಅಬೀಲಿಯೊ.

ಜನವರಿ 7, ಸೋಮವಾರ

ಸಿರೀಲೊ ಚೀಲ ಹಿಡಿದುಕೊಂಡೇ ಬಂದ. ಬಾಗಿಲ ಹತ್ತಿರ ಇಟ್ಟ. “ಐದಕ್ಕೆ ಬಸ್ಸು. ಕಾಫಿ ಕುಡಿದು ಹೊರಡ್ತೀನಿ,” ಅಂದ ನನಗೆ, ಅಬೀಲಿಯೊಗೂ ಕೇಳುವ ಹಾಗೆ.

ಬೆಳ್ಳುಳ್ಳಿ ಸಾರು, ಒಲೆಯಲ್ಲಿ ಸುಟ್ಟ ಕುರಿಮರಿ. ಅಬೀಲಿಯೊ ಬೆಳಕಿಗೆ ಮುಖ ಮಾಡಿ ಕಣ್ಣು ಕಿರಿದಾಗಿಸಿ ಕೂತಿದ್ದ. ಸಿರೀಲೊನ ಬಲಕ್ಕೆ ನಾನು. ಊಟ ಮುಗಿಯಿತು. ಕಾಫಿ ಪಾತ್ರೆಯನ್ನು ಮೊದಲೇ ಮೇಜಿನ ಕೆಳಗೆ ಕೆಂಡದ ಪಕ್ಕ ಇಟ್ಟಿದ್ದೆ. ಒಳಗೆ ಹೋಗುವ ನೆಪ ನನಗೂ ಬೇಡ ಅಂತ. ತಟ್ಟೆಗಳನ್ನು ನೆಲಕ್ಕಿಟ್ಟು, ಹಾಸು ಹಾಸಿ, ಕಾಫಿ ಬಗ್ಗಿಸಿದೆ. ಕುರಿ ಕೊಬ್ಬು ತಟ್ಟೆಗಳಲ್ಲಿ ಹೆಪ್ಪುಗಟ್ಟಿ ಬೆಳ್ಳಗಾಯಿತು. ಇದನ್ನು ಬರೆಯುವ ಹೊತ್ತಿಗೂ ಹಾಗೇ ಇವೆ.

ಸಿರೀಲೊ ಅಣ್ಣನ ಮುಖವನ್ನೇ ನೋಡುತ್ತಿದ್ದ. ಆ ಮುಖದ ಒಂದೊಂದು ಸುಕ್ಕೂ ಬೆಳಕಿನಲ್ಲಿ ಕಾಣುತ್ತಿತ್ತು. ಅಬೀಲಿಯೊಗೆ ತಡೆಯಲಾಗಲಿಲ್ಲ.

“ಏನೋ, ಯಾಕೋ ಎದ್ದುಹೋದೆ?”

“ಕೇಳಿಸ್ತಿರ್ಲಿಲ್ಲ,” ಅಂದ ಸಿರೀಲೊ.

“ಏನು?”

“ಕಿವಿ. ಎಡಗಡೇದು ಸತ್ತಿದೆ. ಬಲಗಡೇದು ಸಾಯ್ತಾ ಇದೆ. ಈಗ ನೀನು ಹೇಳಿದ್ದನ್ನೂ ಬಾಯಿ ನೋಡೇ ತಿಳ್ಕೊಂಡೆ.”

ಅಬೀಲಿಯೊ ನನ್ನ ಕಡೆ ನೋಡಿದ. ಕಿಟಕಿ ಕಡೆ ನೋಡಿದ. ಮೇಜು ಯಾಕೆ ತಿರುಗಿತು ಅಂತ ಆಗ ಹೊಳೆದಿರಬೇಕು. ಆಮೇಲೆ ಇದ್ದಕ್ಕಿದ್ದಂತೆ ಮೇಜು ಗುದ್ದಿದ.

“ಹಂಗಾದ್ರೆ ದಿನಾ ಬೆಳಿಗ್ಗೆ ನಾನು ಕಿಟಕೀಲಿ ನಿಂತು ಬೈತಿದ್ದಿದ್ದು?”

“ಬೈತಿದ್ದೆಯಾ? ಮೋಡ ನೋಡಿ ಮಳೆ ಬಗ್ಗೆ ಏನೋ ಅಂತಿದ್ದೀಯ ಅಂದ್ಕೊಂಡಿದ್ದೆ.”

“ಒಂದೂ ಕೇಳಿಸ್ಲಿಲ್ವಾ?”

“ಒಂದೂ ಇಲ್ಲ.”

“ಎಂಥೆಂಥಾ ಬೈಗುಳ ಕಣೋ! ರಾತ್ರಿಯೆಲ್ಲಾ ಕೂತು ಯೋಚ್ನೆ ಮಾಡಿದ್ದು!”

“ಈಗ ಹೇಳು ಮತ್ತೆ. ಬೆಳಕಿದೆ.”

ಹೇಳಿದ. ನೆನಪಿದ್ದಷ್ಟನ್ನೂ, ಒಂದೊಂದಾಗಿ, ಬಾಯಿ ಅಗಲಿಸಿ. ಇವನು ಮರೆತದ್ದನ್ನು ನಾನು ನೆನಪಿಸಿದೆ. ಸಿರೀಲೊ ಕೆಲವಕ್ಕೆ ತಲೆದೂಗಿದ, ಟೋಪಿಯದು ಚೆನ್ನಾಗಿದೆ ಅಂದ, ಕತ್ತೆಯದು ಹಳತಾಯಿತು ಅಂದ. ಕಣ್ಣೊರೆಸಿಕೊಂಡು ನಕ್ಕೆವು. ಪಾದ್ರಿಯ ಕೋಳಿಯ ಕತೆಯನ್ನು ನಾನು ಮತ್ತೆ ಹೇಳಬೇಕಾಯಿತು, ಅಬೀಲಿಯೊನೇ ಹೇಳು ಹೇಳು ಅಂತ ಪೀಡಿಸಿದ. ಕಿಟಕಿಯ ಬೆಳಕು ಹಳದಿಗೆ ತಿರುಗಿತ್ತು.

“ಜೂನ್‌ನಲ್ಲಿ,” ಅಂದ ಸಿರೀಲೊ, “ನನ್ನೇ ನೋಡ್ತಾ ಕಾಯ್ತಿದ್ದೆಯಲ್ಲ. ಏನು ಹೇಳಿದ್ದೆ?”

ಅಬೀಲಿಯೊನ ನಗು ನಿಂತಿತು. “ಏನೋ. ಬಿಡು.”

“ಏನೋ ಕೇಳಿದ್ದೆ. ಮುಖ ನೋಡಿದ್ರೆ ಗೊತ್ತಾಗ್ತಿತ್ತು.”

ಒಂದೇ ಕತೆಯನ್ನು ನೂರು ಸಲ ಹೇಳುವ ಗಂಡಸು ಕುಚ್ಚು ಹೊಸೆಯುತ್ತ ಕೂತ. ಆ ವಿಷಯ ನನಗೂ ಗೊತ್ತಿರಲಿಲ್ಲ. ಮೇಜಿನ ಕೆಳಗೆ ಅವನ ಕಾಲು ತುಳಿದೆ.

“ಆ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದುಬಿಡು ಅಂದಿದ್ದೆ,” ಅಂದ ಕೊನೆಗೆ, ತಲೆ ಎತ್ತದೆ. “ಹಿಂದಿನ ಕೋಣೆ ಖಾಲಿ ಇದೆ. ಮೂರೂ ಜನ ಒಟ್ಟಿಗೆ ಇರೋಣ ಅಂದೆ. ನೀನು ಟೋಪಿ ಹಾಕ್ಕೊಂಡು ಎದ್ದುಹೋದೆ.”

“ತಲೆ ಎತ್ತಿ ಹೇಳು. ಕಾಣಿಸ್ಲಿಲ್ಲ.”

ತಲೆ ಎತ್ತಿ ಹೇಳಿದ. ಮುಖವೆಲ್ಲ ಕೆಂಪಾಗಿತ್ತು.

“ಇನ್ನೊಂದ್ಸಲ ಹೇಳು,” ಅಂದ ಸಿರೀಲೊ. ಮೊದಲ ಸಲವೇ ತಿಳಿದಿತ್ತು ಅಂತ ನನ್ನ ಗುಮಾನಿ. ಅಬೀಲಿಯೊ ಇನ್ನೊಂದು ಸಲವೂ ಹೇಳಿದ. ಸಿರೀಲೊ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತಿದ್ದ.

ಆಗ ಚೌಕದಿಂದ ಬಸ್ಸಿನ ಹಾರ್ನ್ ಕೇಳಿತು. ಒಂದು ಸಲ, ಸ್ವಲ್ಪ ತಡೆದು ಮತ್ತೆ ಎರಡು ಸಲ. ಆ ಡ್ರೈವರು ಯಾವತ್ತೂ ಹಾಗೇ, ಒಂದು ಸಿಗರೇಟು ಸೇದುವಷ್ಟು ಕಾಯುತ್ತಾನೆ.

ಅಬೀಲಿಯೊ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಬಾಗಿಲ ಹತ್ತಿರ ಚೀಲ ಇತ್ತು. ಯಾರೂ ಅಲ್ಲಾಡಲಿಲ್ಲ. ಹಾರ್ನ್ ಇನ್ನೊಂದು ಸಲ ಬಂತು, ಉದ್ದಕ್ಕೆ. ಆಮೇಲೆ ಎಂಜಿನ್ ಗೊರಗುಟ್ಟಿ, ಚರ್ಚಿನ ಮೂಲೆ ತಿರುಗಿ, ಗೋಧಿ ಹೊಲಗಳ ಕಡೆಗೆ ಸಣ್ಣಗಾಗುತ್ತ ಹೋಯಿತು.

ಸಿರೀಲೊನ ಕೋಟಿನ ಜೇಬಿನಲ್ಲಿ ಗಡಿಯಾರ ಇದೆ. ಅವರಪ್ಪನದು, ಒಂದು ನಿಮಿಷವೂ ತಪ್ಪುವುದಿಲ್ಲ. ಅವನ ಕೈ ಆ ಕಡೆ ಹೋಗಲೇ ಇಲ್ಲ.

“ಏನು, ಇಬ್ರೂ ಸುಮ್ಮನಾದ್ರಿ?” ಅಂದ, ನಮ್ಮಿಬ್ಬರ ಮುಖ ನೋಡಿ.

“ಏನಿಲ್ಲ,” ಅಂದೆ.

“ಏನಿಲ್ಲ ಅಂದ್ರೆ ಮಾತಾಡಿ ಮತ್ತೆ,” ಅಂದು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.